ಗೀಟು ಬಿದ್ದ ಅಚ್ಚು

ಮೆನಿಲ್‌ಮೊಂತಾಂ, ಪ್ಯಾರಿಸ್
27 ಮಾರ್ಚ್ 1897

ನನ್ನ ಮುದ್ದಿನ ಎವರಿಸ್ತ್,

ಕೆಮ್ಮು ಹೇಗಿದೆ? ಚಿಕ್ಕಮ್ಮ ಕೊಡುವ ಆಡಿನ ಹಾಲನ್ನು ಮೂಗು ಮುರಿಯದೆ ಕುಡಿಯುತ್ತಿದ್ದೀಯಾ? ಕೊರಳಿಗೆ ಉಣ್ಣೆಯ ಪಟ್ಟಿ ಸುತ್ತದೆ ಅಂಗಳಕ್ಕೂ ಇಳಿಯಬೇಡ. ಬೆಟ್ಟದ ಗಾಳಿ ಒಳ್ಳೆಯದಂತೆ, ಇರಲಿ, ನಿನ್ನ ಎದೆ ಎಷ್ಟು ಸಣಕಲು ಅಂತ ಗಾಳಿಗೇನು ಗೊತ್ತು. ನನ್ನ ಕೈ ಬಟ್ಟೆ ಒಗೆಯುವ ಸೋಡಾ ನೀರಿಗೆ ಎಂದಿನಂತೆ ಬಿರಿದಿದೆ, ಉಳಿದಂತೆ ಗುಂಡುಕಲ್ಲಿನ ಹಾಗಿದ್ದೇನೆ. ಇನ್ನು ಮುಂದಿನದನ್ನು ಕುಳಿತುಕೊಂಡು ಓದು. ಸಿಟ್ಟು ಬಂದರೆ ಬರಲಿ, ಪೂರ್ತಿ ಓದು.

ನೀನು ಒಪ್ಪಿಕೊಂಡಿದ್ದ ಹಾಗೆ ಮಸ್ಯೂ ಲಾಂಬ್ಲೆ ನಿನ್ನ ಮರದ ಅಚ್ಚಿಗೆ ಗೀಟು ಹಾಕಲು ಬಂದಿದ್ದರು. ಪ್ರತಿಗಳನ್ನು ತೆಗೆದಾದ ಮೇಲೆ ಅಚ್ಚನ್ನು ಕೆಡಿಸಿಬಿಡುವುದು ನಿಮ್ಮ ಕಸುಬಿನ ರೂಢಿಯಂತಲ್ಲ. ನಿನ್ನ ಚಿತ್ರ ಮಾರುವ ಒಬ್ಬನೇ ಒಬ್ಬ ಮನುಷ್ಯ ಅಂತ ಕುರ್ಚಿಯ ಮೇಲಿನ ಬಟ್ಟೆ ರಾಶಿ ಸರಿಸಿ ಕೂರಿಸಿದೆ, ಕಾಫಿ ಕೊಟ್ಟೆ. ಅದು ಯಾವ ಅಚ್ಚು ಅಂತ ಮರೆತಿಲ್ಲ ತಾನೇ? ನಾವು ದೋಬಿಘಾಟಿನ ಹೆಂಗಸರು ಹಸಿ ಬಟ್ಟೆಯ ಗಂಟು ಹೊತ್ತು ಏರು ಹತ್ತುತ್ತಿದ್ದೇವೆ, ಪಕ್ಕದಲ್ಲೇ ಸಾರೋಟೊಂದು ಕೆಸರು ಹಾರಿಸುತ್ತ ಹೋಗುತ್ತಿದೆ. ಕೆಳಗೆ ನಡುವಿನಲ್ಲಿ ನಮ್ಮ ಸಿದೊನಿ ತಿರುಗಿ ನಿಂತು ಸಾರೋಟಿನವನಿಗೆ ಬೈಯುತ್ತಿದ್ದಾಳೆ. ಈ ಚಳಿಗಾಲ ಅವಳು ತೀರಿಹೋದದ್ದನ್ನು ಬರೆದಿದ್ದೆನಲ್ಲ. ಅವಳದೊಂದು ಫೋಟೋ ಇಲ್ಲ ಕಣೋ. ಸಾಹುಕಾರರ ಮನೆಯ ಗೋಡೆಗಳನ್ನು ಬಿಟ್ಟರೆ, ಮಗಳು ಲಿಯೊಂತಿನ್‌ಗೆ ತಾಯಿಯ ಮುಖ ಉಳಿದಿದ್ದದ್ದು ಆ ಮರದ ತುಂಡಿನಲ್ಲಿ ಮಾತ್ರ.

ಕೆಡಿಸುವ ಮೊದಲು ಆ ಹುಡುಗಿಗೊಂದು ಪ್ರತಿ ತೆಗೆದುಕೊಡಿ ಎಂದು ಕೇಳಿದೆ. ಮರ್ಯಾದೆಯಿಂದಲೇ ಕೇಳಿದೆ, ಮೇರಿಯಮ್ಮನ ಆಣೆ. ಆಸಾಮಿ ನಕ್ಕು, "ಪ್ರತಿ ಕಡಿಮೆ ಇದ್ದಷ್ಟೂ ಬೆಲೆ ಕಣಮ್ಮ. ನಿಮ್ಮಂಥವರ ಗೋಡೆಗೆ ಅಂಟಿಸೋಕಲ್ಲ ಇದು" ಅಂದ. ನಾನು, "ಮುಖ ನಮ್ದು, ಗೋಡೆ ಮಾತ್ರ ನಿಮ್ದೇ ಆಗ್ಬೇಕೇನಪ್ಪ?" ಅಂದೆ. ಅವನು ಕೈಗವಸು ಕಳಚದೆ, ನಿನ್ನದೇ ಉಳಿ ಹಿಡಿದು, ಮೂಲೆಯಿಂದ ಮೂಲೆಗೆ ಎರಡು ಗೀಟು ಕೊರೆದ. ಕಾಫಿ ಮುಗಿಸಿಯೇ ಹೋದ, ನಾಚಿಕೆಗೆಟ್ಟವನು.

ಲಿಯೊಂತಿನ್ ಅಚ್ಚನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಆಮೇಲೆ ಲಂಗದ ಅಂಚಿನಿಂದ ಒರೆಸುತ್ತಾ ನೋಡುತ್ತಾಳೆ, ಗೀಟು ಸಾರೋಟನ್ನು ಸೀಳಿಕೊಂಡು ಹೋಗಿದೆ, ನನ್ನ ಮೂಗನ್ನೂ ಹಾರಿಸಿದೆ, ಸಿದೊನಿಯ ಮುಖಕ್ಕೆ ಮಾತ್ರ ತಾಗಿಲ್ಲ. ಅಷ್ಟು ಸಾಕಾಯಿತು ನಮಗೆ. ನಿನ್ನ ಡಬ್ಬಿಯಲ್ಲಿ ಒಣಗಿದ್ದ ಮಸಿಗೆ ಎಣ್ಣೆ ಬೆರೆಸಿದೆವು, ದಿನಸಿ ಅಂಗಡಿಯ ಸಕ್ಕರೆ ಸುತ್ತುವ ಕಾಗದ ತಂದೆವು, ಮರದ ಸೌಟಿನ ಬೆನ್ನಿನಿಂದ ಉಜ್ಜಿದೆವು. ಜನ್ಮವೆಲ್ಲ ಹಾಸಿಗೆ ಬಟ್ಟೆ ಬಡಿದ ಕೈಗಳಿಗೆ ಅದೇನು ಮಹಾ. ಮೊದಲನೆಯದು ಲಿಯೊಂತಿನ್‌ಗೆ. ಆಮೇಲೆ ನನಗೆ ನನಗೆ ಅಂತ ಇಡೀ ದೋಬಿಘಾಟೇ ಸಾಲು ನಿಂತಿತು.

ಮೊನ್ನೆ ಗುರುವಾರ ನಮ್ಮ ಅಗಸಗಿತ್ತಿಯರ ಹಬ್ಬವಲ್ಲವೇ, ಈಸ್ಟರ್ ಮುಂಚಿನ ಉಪವಾಸದ ನಡುವೆ ನಾವು ಹೊಟ್ಟೆ ತುಂಬ ತಿಂದು ಕುಣಿಯುವ ಒಂದೇ ದಿನ. ಈ ವರ್ಷ ಲಿಯೊಂತಿನ್‌ಳನ್ನೇ ಮೆರವಣಿಗೆಯ ರಾಣಿ ಮಾಡಿದೆವು. ಗಾಡಿಗೆ ಕಾಗದದ ಹೂವಿನ ಬದಲು ಸುತ್ತಲೂ ಸಿದೊನಿಯನ್ನೇ ಅಂಟಿಸಿದೆವು. ಮೆರವಣಿಗೆ ಲಾಂಬ್ಲೆಯ ಅಂಗಡಿಯ ಮುಂದೆಯೇ ಹಾಯಬೇಕು ನೋಡು, ಅಲ್ಲಿ ಗಾಡಿ ನಿಲ್ಲಿಸಿದೆವು. ಅವನು ಕೆಂಪಗಾಗಿ ಹೊರಗೆ ಬಂದು, ಒಪ್ಪಂದ ಮುರಿದಿರಿ ಎಂದು ಕೂಗಾಡಿದ. ನಾನು ಒಂದು ಪ್ರತಿ ಅವನ ಮೂಗಿಗೆ ಹಿಡಿದೆ. "ಗೀಟು ಹಾಕ್ಬೇಕು ಅಂದ್ರಿ, ನೀವೇ ಹಾಕಿದ್ರಿ. ನೋಡಿ, ಎಷ್ಟು ಚೆನ್ನಾಗಿ ಬಿದ್ದಿದೆ." ಬೀದಿಗೆ ಬೀದಿಯೇ ನಕ್ಕಿತು.

ನೀನು ಕ್ಷಮೆ ಕೇಳದಿದ್ದರೆ ನಿನ್ನ ಒಂದು ಚಿತ್ರವನ್ನೂ ಇನ್ನು ಮುಟ್ಟುವುದಿಲ್ಲವಂತೆ. ಅದು ಕೇಳಿ ನನ್ನ ಎದೆ ಧಸಕ್ಕೆಂದದ್ದು ನಿಜ, ಸುಳ್ಳೇಕೆ ಹೇಳಲಿ. ನಿನಗೆ ಅವನೊಬ್ಬನೇ ದಾರಿ ಅಂತ ನನಗೆ ಗೊತ್ತಿಲ್ಲವೇ? ಆದರೂ ತಲೆ ಬಗ್ಗಿಸಲಿಲ್ಲ ಮಗಾ, ಬಗ್ಗಿಸುವುದೂ ಇಲ್ಲ. ನಾಯಿ ಬೊಗಳಿದರೆ ದೇವಲೋಕ ಹಾಳೇ? ನೀನು ನಮ್ಮನ್ನು ಚಿತ್ರದಲ್ಲಿ ಬಗ್ಗಿದವರ ಹಾಗೆ ಕೆತ್ತಲೇ ಇಲ್ಲವಲ್ಲ.

ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ದೇವರು ನಿನ್ನ ಎದೆಗೆ ಬಲ ಕೊಡಲಿ, ಕೈ ಸದಾ ಗಟ್ಟಿಯಾಗಿರಲಿ.

ನಿನ್ನ ಹಟಮಾರಿ ಅಮ್ಮ,
ಜೆಲಿ

ತಾ.ಕ.: ಅಂಚೆಗೆ ಹೊತ್ತಾಯಿತು, ಮುಖ್ಯವಾದದ್ದೇ ಬಿಟ್ಟಿದ್ದೆ. ನೀನು ಸಹಿ ಹಾಕಬೇಕಾದ ಕ್ಷಮಾಪಣೆಯನ್ನು ಲಾಂಬ್ಲೆ ತಾನೇ ಬರೆದು ಇವತ್ತು ಬೆಳಿಗ್ಗೆ ಕಳಿಸಿದ್ದಾನೆ. ಒಳ್ಳೆಯ ದಪ್ಪ ಕಾಗದ, ಹಿಂಬದಿ ಪೂರಾ ಖಾಲಿ. ವ್ಯರ್ಥ ಮಾಡುವುದೇಕೆ ಅಂತ ಅದರ ಮೇಲೆ ನಿನಗೂ ಒಂದು ಪ್ರತಿ ತೆಗೆದೆವು. ಇದರ ಜೊತೆಗಿದೆ. ಸಿದೊನಿಯ ಕಾಲ ಕೆಳಗೆ ಜಾಗ ಬಿಟ್ಟಿದ್ದೇವೆ. ಸಹಿ ಯಾವ ಬದಿಗೆ ಹಾಕುತ್ತೀಯೋ ನಿನ್ನಿಷ್ಟ.