ಅರ್ಧ ಪಾಲಿನ ಪೆಟ್ಟಿಗೆ

ಫೆಬ್ರವರಿ 3, ಬೆಳಿಗ್ಗೆ

ಈವರೆಗಿನ ಲೆಕ್ಕ. ಕಂಪ್ಯೂಟರ್ ಅಂಗಡಿಗೆ ಹೋಗಿ ಬಂದದ್ದು ನಾಲ್ಕು ಸಲ. ಎಂಟು ಬಸ್ ಟಿಕೆಟ್ಟು. ಒಂದು ಭಾನುವಾರ ಪೂರ್ತಿ. ಇವರ ಜೊತೆ ಎರಡು ಜಗಳ, ಅದರಲ್ಲಿ ಒಂದು ಊಟ ಬಿಡುವ ಮಟ್ಟದ್ದು. ಕೊಂಡದ್ದು — ಏನೂ ಇಲ್ಲ.

ಕಂಪ್ಯೂಟರ್ ಮಾತ್ರ ಕಟಕಟ ಅನ್ನುತ್ತಲೇ ಇದೆ. ರಿಪೇರಿಯವನು ಕಿವಿಯಿಟ್ಟು ಕೇಳಿ, ಒಳಗಿನ ಡಿಸ್ಕಿಗೆ ಕಾಲ ಬಂತು, ಇವತ್ತೋ ಆರು ತಿಂಗಳಿಗೋ ಹೇಳಲಾರೆ ಅಂದ. ಡಾಕ್ಟರ ಹಾಗೆ ಮಾತಾಡಿ ಡಾಕ್ಟರ ಹಾಗೇ ಫೀಸು ಕಿತ್ತುಕೊಂಡ.

ಅದರೊಳಗಿರುವುದು ನನ್ನ ಹನ್ನೊಂದು ವರ್ಷ. ಕೋಟು, ಪ್ಯಾಂಟು, ಏಪ್ರನ್ನು — ಬಟ್ಟೆಗೆ ಕತ್ತರಿ ಹಾಕುವ ಮೊದಲು ಬೇಕಾದ ನಕ್ಷೆಗಳು, ಪ್ಯಾಟರ್ನು. ಒಂದೊಂದಕ್ಕೂ ಹದಿನಾಲ್ಕು ಅಳತೆ, ಮೂವತ್ತೆರಡರಿಂದ ಐವತ್ತೆಂಟರವರೆಗೆ. ಟೈಲರ್ ಮಾಸ್ಟರ್ ಶೆಡ್ಡಿನಲ್ಲಿ ದಾರ ಕತ್ತರಿಸುತ್ತ ಕೂತಿದ್ದವಳು ಮನೆಯಲ್ಲೇ ಟೇಬಲ್ಲು ಹಾಕಿಕೊಂಡು, ಅದೇ ಮಾಸ್ಟರ್‌ಗೆ ಬಿಲ್ಲು ಕಳಿಸುವ ಹಾಗಾದದ್ದು ಇವುಗಳಿಂದ.

ಮಾರ್ಚ್ ಇಪ್ಪತ್ತಕ್ಕೆ ಆಸ್ಪತ್ರೆಗೆ ಹದಿನಾಲ್ಕೂ ಅಳತೆಯ ಕೋಟಿನ ಸ್ಯಾಂಪಲ್ ಒಪ್ಪಿಸಬೇಕು. ಒಪ್ಪಿದರೆ ಮೂರು ವರ್ಷದ ಕಾಂಟ್ರಾಕ್ಟು. ಈ ಸಲ ನಡುವೆ ಮಾಸ್ಟರ್ ಇಲ್ಲ, ನೇರ. ಹಿಂದಿನ ಕೋಣೆಯಲ್ಲಿ ಆರು ಮಿಷನ್ ಹಾಕಿಸುವುದು, ಹೊಲಿಗೆಯ ಉಸ್ತುವಾರಿ ಓರಗಿತ್ತಿಗೆ. ಅವಳಿಗೆ ಹೇಳಿದ ದಿನದಿಂದ ಅಳತೆ ಟೇಪು ಅವಳ ಕೊರಳಿನಿಂದ ಇಳಿದಿಲ್ಲ. ಅಡುಗೆ ಮಾಡುವಾಗಲೂ.

ಫೆಬ್ರವರಿ 6, ಮಧ್ಯಾಹ್ನ

ಐದನೇ ಸಲ. ಸೇಲ್ಸ್‌ಮನ್‌ಗೆ ನನ್ನ ಮುಖ ಸಾಕಾಗಿದೆ, ನನಗೆ ಅವನದು. ಒಂದು ಕೇಳಿದರೆ ಒಂಬತ್ತು ಹೇಳುತ್ತಾನೆ. ಸೋಸಿ ತೆಗೆದರೆ ಉಳಿದದ್ದು ಇಷ್ಟು.

ಎಕ್ಸ್‌ಟರ್ನಲ್ ಡಿಸ್ಕ್: ಅಂಗೈ ಅಗಲ. ವಯರು ಚುಚ್ಚು, ಫೈಲು ತುಂಬು, ವಯರು ಕೀಳು, ಬೀರುವಿನಲ್ಲಿಟ್ಟು ಬೀಗ ಹಾಕು. ನೆಟ್‌ವರ್ಕ್ ಪೆಟ್ಟಿಗೆ: ಒಳಗೆ ಎರಡು ಡಿಸ್ಕು, ವೈಫೈ ಡಬ್ಬಿಯ ಪಕ್ಕ ಹಗಲಿರುಳು ಮಿಣಮಿಣ. ಮನೆಯವರೆಲ್ಲ ಅವರವರ ಕಂಪ್ಯೂಟರಿನಿಂದ, ಫೋನಿನಿಂದ ಅದರೊಳಗೆ ಕೈ ಹಾಕಬಹುದು. ಬೆಲೆ ಮೊದಲನೆಯದರ ನಾಲ್ಕು ಪಟ್ಟು.

ನನಗೆ ಚಿಕ್ಕದೇ ಸಾಕು ಅಂದೆ. ಕೈಜಾರಿ ಬಿದ್ದರೆ ಏನು ಮಾಡ್ತೀರಿ ಮೇಡಂ ಅಂದ. ಹನ್ನೊಂದು ವರ್ಷದಲ್ಲಿ ಕತ್ತರಿ ಬೀಳಿಸಿದವಳಲ್ಲ. ಆದರೂ ತಲೆಗೆ ಹುಳ ಬಿಟ್ಟ, ಹಾಳಾದವನು.

ಸಂಜೆ

ಮಹಡಿಯಿಂದ ಮೈದುನ ಇಳಿದು ಬಂದ. ಇಡೀ ಮನೆ ಅವನನ್ನು ಕರೆಯುವುದು ಗೊತ್ತಪ್ಪ ಅಂತ. ಏನು ಹೇಳ ಹೋದರೂ 'ಗೊತ್ತು ಬಿಡಿ' ಅನ್ನುವುದರಿಂದ ಬಂದ ಬಿರುದು. ನೆಟ್‌ವರ್ಕ್ ಪೆಟ್ಟಿಗೆಯೇ ಸರಿ ಅಂದ. ಎರಡು ಡಿಸ್ಕೂ ಕನ್ನಡಿಯಂತೆ, ಇದರಲ್ಲಿದ್ದದ್ದೇ ಅದರಲ್ಲಿ, ಒಂದು ಸತ್ತರೆ ಇನ್ನೊಂದು ಬದುಕಿರುತ್ತದೆ.

ಯೋಚನೆ ಮಾಡ್ತೀನಿ ಅಂದೆ. ಮೆಟ್ಟಿಲು ಹತ್ತುವವನು ತಿರುಗಿ ನಿಂತು, "ಅರ್ಧ ದುಡ್ಡು ನಂದು ಅತ್ತಿಗೆ" ಅಂದ.

ಅರ್ಧ.

ಫೆಬ್ರವರಿ 9

ಕೊಂಡದ್ದಾಯಿತು. ನನ್ನ ಪಾಲಿಗೆ ಬಂದದ್ದು ಎರಡು ಎಕ್ಸ್‌ಟರ್ನಲ್ ಡಿಸ್ಕಿನ ಬೆಲೆ. ಸಿಕ್ಕಿದ್ದು ನಾಲ್ಕರ ಮಾಲು. ಇವರು ಪೇಪರಿನಿಂದ ಮುಖ ಎತ್ತದೆ, ಪಾಲಿನ ದುಡ್ಡು ಹಾಕಿದವನು ಪಾಲು ಕೇಳುತ್ತಾನೆ ನೋಡು ಅಂದರು. ವ್ಯಾಪಾರ ನನಗೆ ಬಿಡಿ, ನೀವು ಪೇಪರು ಓದಿ ಅಂದೆ.

ಫೆಬ್ರವರಿ 12, ಬೆಳಿಗ್ಗೆ

ನಕ್ಷೆಗಳೆಲ್ಲ ಪೆಟ್ಟಿಗೆ ಸೇರಿದವು. ತೆಗೆದು ತೆಗೆದು ನೋಡಿದೆ. ಎಲ್ಲ ಸರಿ.

ಹಳೆಯ ಡಿಸ್ಕನ್ನು ಇವರ ಕೈಯಲ್ಲಿ ಸುತ್ತಿಗೆಯಿಂದ ಪುಡಿ ಮಾಡಿಸಿದೆ. ಗುಜರಿಯವನ ಮೂಲಕ ಯಾರ ಕೈ ಸೇರುತ್ತದೋ ಯಾರಿಗೆ ಗೊತ್ತು. ನನ್ನ ನಕ್ಷೆ ಇನ್ನೊಬ್ಬರಿಗೆ ಸಿಗಬಾರದು. ಇವರು ಬಹಳ ಉತ್ಸಾಹದಿಂದ ಹೊಡೆದರು. ಯಾರ ಮುಖ ನೆನೆದುಕೊಂಡರೋ.

ಫೆಬ್ರವರಿ 24

ಪೆಟ್ಟಿಗೆ ಮುಕ್ಕಾಲು ತುಂಬಿದೆ. ನನ್ನವು ಅಂಗೈಯಷ್ಟು ಜಾಗ, ಉಳಿದದ್ದು ಗೊತ್ತಪ್ಪನ ಸಿನಿಮಾ. ಒಂದೇ ಸಿನಿಮಾ ಮೂರು ಸಲ, ಒಂದಕ್ಕಿಂತ ಒಂದು ಸ್ಪಷ್ಟವಂತೆ. ನಾಯಕನ ಮೂಗಿನ ರೋಮ ಎಣಿಸುವುದಕ್ಕೆ. ಕೇಳಿದರೆ, ಅರ್ಧ ನಂದಲ್ವಾ ಅತ್ತಿಗೆ ಅಂದ.

ಮಾರ್ಚ್ 9, ಬೆಳಿಗ್ಗೆ

ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ಸ್ಯಾಂಪಲ್ಲಿಗೆ ಕತ್ತರಿ ಹಾಕೋಣವೆಂದು ಕೋಟಿನ ಫೋಲ್ಡರ್ ತೆರೆದೆ. ಒಂದೇ ಫೈಲು. ಮೂವತ್ತೆರಡು. ಪ್ಯಾಂಟು ತೆರೆದೆ. ಮೂವತ್ತೆರಡು. ಏಪ್ರನ್ನು, ಅದರಲ್ಲೂ ಮೂವತ್ತೆರಡು. ಹನ್ನೊಂದು ವರ್ಷದ ಪ್ರತಿ ಕಟ್ಟಿನಲ್ಲೂ ಒಂದೊಂದೇ ಉಳಿದಿದೆ, ಎಲ್ಲಕ್ಕಿಂತ ಚಿಕ್ಕದು. ಆ ಅಳತೆಯ ಮನುಷ್ಯ ಆ ಆಸ್ಪತ್ರೆಯಲ್ಲಿ ಒಬ್ಬನಿದ್ದರೆ ಹೆಚ್ಚು.

ಗೊತ್ತಪ್ಪನನ್ನು ಕೂಗಿದೆ. ಹಲ್ಲುಜ್ಜುತ್ತಲೇ ಬಂದ. ಜಾಗ ಸಾಲುತ್ತಿರಲಿಲ್ಲವಂತೆ. ನನಗೂ ಉಪಕಾರವಾಗಲೆಂದು ಕ್ಲೀನ್ ಮಾಡಿದನಂತೆ.

"ಒಂದೇ ಚಿತ್ರ ಹದಿನಾಲ್ಕು ಸಲ ಇಟ್ಕೊಂಡಿದ್ರಿ ಅತ್ತಿಗೆ. ಹೆಸರೂ ಒಂದೇ, ಆಕಾರಾನೂ ಒಂದೇ. ಮೊದಲನೇದು ಬಿಟ್ಟು ಮಿಕ್ಕಿದ್ದು ತೆಗೆದೆ."

ಹೆಸರಿನ ಕೊನೆಗೆ ನಂಬರ್ ಇತ್ತಲ್ಲೋ ಅಂದೆ. ಕಾಪಿಗಳ ನಂಬರ್ ಅಂದುಕೊಂಡನಂತೆ.

ಮೂರು ಸಲ ಇಟ್ಟ ಸಿನಿಮಾ ಅವನ ಕಣ್ಣಿಗೆ ಕಾಪಿ ಅಲ್ಲ. ನನ್ನ ಅನ್ನ ಕಾಪಿ.

ಇನ್ನೊಂದು ಡಿಸ್ಕು? ಅದು ಕನ್ನಡಿಯಲ್ಲವೇ. ಇದರಲ್ಲಿ ಅಳಿಸಿದ ಕ್ಷಣವೇ ಅದರಲ್ಲೂ ಅಳಿಯಿತು. ಇದು ಹಾರಿದ ಬಾವಿಗೇ ಅದೂ ಹಾರಿತು. ಅಳಿಸಿದ್ದನ್ನು ಕೆಲವು ದಿನ ಹಿಡಿದಿಡುವ ಕಸದ ಬುಟ್ಟಿಯೊಂದಿತ್ತಂತೆ. ಅದನ್ನೂ ಜಾಗ ತಿನ್ನುತ್ತದೆಂದು ಬಂದ್ ಮಾಡಿದ್ದಾನೆ.

ಓರಗಿತ್ತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ಗಂಡನನ್ನು ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಅವನನ್ನು ನೋಡಿದ ನೋಟ ಮಾತ್ರ — ಊಟದ ತಟ್ಟೆಯಲ್ಲಿ ಜಿರಲೆ ಕಂಡವರದು.

ಮಾರ್ಚ್ 10

ಪೆಟ್ಟಿಗೆ ಹೊತ್ತು ರಿಪೇರಿಯವನ ಹತ್ತಿರ. ಅಳಿಸಿದ ಜಾಗದ ಮೇಲೆ ಆಗಲೇ ನಲವತ್ತೊಂದು ಹೊಸ ಸಿನಿಮಾ ಕೂತಿವೆ, ಅಡಿಯಲ್ಲಿರುವುದು ಮೇಲೆ ಬರುವುದಿಲ್ಲ ಅಂದ. ನೋಡಿದ್ದಕ್ಕೆ ಫೀಸು.

ಹೇಸಿಗೆ ಅನಿಸುತ್ತದೆ. ಗೊತ್ತಪ್ಪನ ಮೇಲೆ, ಸೇಲ್ಸ್‌ಮನ್ ಮೇಲೆ, ಆ ಮಿಣಮಿಣದ ಮೇಲೆ. ಎಲ್ಲರಿಗಿಂತ ಹೆಚ್ಚು 'ಅರ್ಧ' ಅಂದ ಕೂಡಲೇ ಬಾಯಿ ತೆರೆದ ನನ್ನ ಮೇಲೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ನಂದು ರಿಯಾಯಿತಿಗೆ ಹೋಯಿತು.

ಮಾರ್ಚ್ 13, ಸಂಜೆ

ಮೂವತ್ತೆರಡರಿಂದ ಹಿಗ್ಗಿಸಿ ಹಿಗ್ಗಿಸಿ ಮೂರು ದಿನದಲ್ಲಿ ಎರಡು ಅಳತೆ ಆಯಿತು. ಓರಗಿತ್ತಿ ಹಳೆ ಬೆಡ್‌ಶೀಟಿನಲ್ಲಿ ಹೊಲಿದು ಇವರಿಗೆ ತೊಡಿಸಿ ನೋಡಿದಳು. ಕಂಕುಳಲ್ಲಿ ಎಳೆತ, ಬೆನ್ನಲ್ಲಿ ಚೀಲ. ಐವತ್ತರ ಹೊಟ್ಟೆ ಅಂದರೆ ಮೂವತ್ತೆರಡರ ಹೊಟ್ಟೆ ಊದಿದ್ದಲ್ಲ, ಅದರ ದಾರಿಯೇ ಬೇರೆ. ಒಂದೊಂದು ಅಳತೆಯನ್ನೂ ಮೈಮೇಲೆ ಹಾಕಿ, ಬಿಚ್ಚಿ, ತಿದ್ದಿ ವರ್ಷಗಟ್ಟಲೆ ಪಳಗಿಸಿದ್ದು. ಏಳು ದಿನದಲ್ಲಿ ಆಗದು.

ಒಂದೇ ದಾರಿ. ಮಾಸ್ಟರ್ ಶೆಡ್ಡಿನಲ್ಲಿ ಹಿಂದೆ ಹೊಲಿದ ಸ್ಯಾಂಪಲ್ ಕೋಟುಗಳು ನೇತಾಡುತ್ತಿರುತ್ತವೆ. ಯಾಕೆಂದು ಹೇಳದೆ ಕೇಳಿ ತಂದು, ಹೊಲಿಗೆ ಬಿಚ್ಚಿ, ಅಳತೆ ತೆಗೆಯುವುದು. ಮಾಸ್ಟರ್‌ಗೂ ನನಗೂ ಮೊದಲಿಂದ ಇರುವ ಕರಾರು: ನನ್ನ ನಕ್ಷೆ ಬಳಸಿದಷ್ಟು ಸಲ ನನಗೆ ಇಷ್ಟು, ಕಟಿಂಗ್ ಮುಗಿದ ಮೇಲೆ ಫೈಲು ಅಳಿಸಬೇಕು. ಎರಡು ವರ್ಷದಿಂದ ಕೋಟಿನ ನಕ್ಷೆ ಕೇಳಿಲ್ಲ. ಆರ್ಡರ್ ಇಲ್ಲಮ್ಮ ಅನ್ನುತ್ತಿದ್ದರು. ಪಾಪ ಅಂದುಕೊಂಡಿದ್ದೆ.

ಮಾರ್ಚ್ 14, ಮಧ್ಯಾಹ್ನ

ಹೋಗಿ ಬಂದೆ.

ಶೆಡ್ಡು ಹಾಗೇ ಇದೆ. ಉದ್ದನೆಯ ಮೇಜು, ಗೋಡೆಯ ಮೇಲೆ ಸೀಮೆಸುಣ್ಣದ ಬೆರಳಚ್ಚು, ಇಸ್ತ್ರಿಯ ಹಬೆ. ಕತ್ತರಿ ಹಿಡಿಯುವುದನ್ನು ನನಗೆ ಕಲಿಸಿದ ಮೇಜು ಅದು. ಮೇಜಿನ ಮೇಲೆ ಕೋಟಿನ ಕಟಿಂಗ್ ನಡೆಯುತ್ತಿತ್ತು. ಕಾಲರಿನ ತಿರುವು ಕಂಡೆ. ನನ್ನದೇ. ಹೆತ್ತ ಕೂಸನ್ನು ಕಂಡವಳ ಹಾಗೆ ನಿಂತೆ.

ಹೊಸ ಗಿರಾಕಿಗೆ ತೋರಿಸುವುದಕ್ಕೆ ಹಳೆಯ ಸ್ಯಾಂಪಲ್ ಬೇಕಿತ್ತು, ಎಲ್ಲ ಅಳತೆಯದೂ, ಅಂದೆ. ಮಾಸ್ಟರ್ ನನ್ನ ಕೈಯಲ್ಲಿದ್ದ ಟೇಪು ನೋಡಿದರು, ಮುಖ ನೋಡಿದರು. ಕೂರು ಅಂದರು. ಬೀರುವಿನಿಂದ ಒಂದು ಸೋಪಿನ ಡಬ್ಬಿ ತೆಗೆದರು. ಅದರೊಳಗೆ ಅರಿವೆ ಸುತ್ತಿದ ಎಕ್ಸ್‌ಟರ್ನಲ್ ಡಿಸ್ಕು. ಅಂಗೈ ಅಗಲ.

"ಬಟ್ಟೆ ಬಿಚ್ಚಿ ಯಾಕಮ್ಮ ಅಳೀತೀಯ. ಫೈಲೇ ಇದೆಯಲ್ಲ."

ಕಂಪ್ಯೂಟರಿಗೆ ಚುಚ್ಚಿ ತೋರಿಸಿದರು. ಕೋಟು, ಪ್ಯಾಂಟು, ಏಪ್ರನ್ನು. ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು. ವರ್ಷದ ಪ್ರಕಾರ ಜೋಡಿಸಿದ್ದಾರೆ. ನಕ್ಷೆಯ ಮೂಲೆಯಲ್ಲಿ ನಾನು ಹಾಕುತ್ತಿದ್ದ ಗುರುತು ಮಾತ್ರ ಇಲ್ಲ. ಇನ್ನೊಂದು ಪ್ರತಿ ಮಗಳ ಮನೆಯಲ್ಲಂತೆ. ಶೆಡ್ಡಿಗೆ ಬೆಂಕಿ ಬಿದ್ದರೆ ಇರಲಿ ಅಂತ. ಒಟ್ಟು ಎರಡು ಡಿಸ್ಕು. ನಾನು ಪೆಟ್ಟಿಗೆಗೆ ಕೊಟ್ಟ ಪಾಲಿನಷ್ಟೇ ದುಡ್ಡು.

ಎರಡು ವರ್ಷ ಪುಕ್ಕಟೆ ಹೊಲಿದಿದ್ದಾರೆ. ನನ್ನ ಮಾಲನ್ನು ನನಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಯಾವುದಕ್ಕೆ ಹೆಚ್ಚು ಹೇಸಿಕೊಳ್ಳಲಿ, ತಿಳಿಯಲಿಲ್ಲ.

"ಕೆಲಸ ಮುಗಿದ ಮೇಲೆ ಅಳಿಸ್ತೀನಿ ಅಂತ ಮಾತಾಗಿತ್ತು ಮಾಸ್ಟರ್" ಅಂದೆ.

"ಅಳಿಸಿದ್ರೆ ಇವತ್ತು ಏನು ಮಾಡ್ತಿದ್ದೆ, ಹೇಳು."

ಸಿಟ್ಟಿಲ್ಲ, ನಾಚಿಕೆಯಿಲ್ಲ. ಮಗುವಿಗೆ ಕೂಡುವ ಲೆಕ್ಕ ಹೇಳಿಕೊಡುವ ದನಿ. ಡಿಸ್ಕನ್ನು ಕಿತ್ತು ಮತ್ತೆ ಅರಿವೆ ಸುತ್ತುತ್ತ, ಆಸ್ಪತ್ರೆ ಕೆಲಸ ನೇರವಾಗಿ ಹಿಡಿದಿದ್ದೀಯಂತೆ, ಸಂತೋಷ ಅಂದರು. ಆಮೇಲೆ — "ಹೊಲಿಗೆ ಎಲ್ಲಿ?"

ಅವರು ಡಬ್ಬಿ ಮುಚ್ಚಿದರು.

ಮಾರ್ಚ್ 15, ಬೆಳಿಗ್ಗೆ

ಮಾಸ್ಟರ್ ಬಾಯಿಬಿಟ್ಟು ಹೇಳದ ಷರತ್ತನ್ನು ಅಡುಗೆಮನೆಯಲ್ಲಿ ಓರಗಿತ್ತಿಗೆ ಹೇಳಿದೆ. ಬಿಟ್ಟುಬಿಟ್ಟರೆ ಕಾಂಟ್ರಾಕ್ಟೇ ಇಲ್ಲ, ನಕ್ಷೆಯೂ ಇಲ್ಲ. ಒಪ್ಪಿದರೆ ಕಾಂಟ್ರಾಕ್ಟು ನನ್ನ ಹೆಸರಿಗೆ, ಹೊಲಿಗೆ ಮೂರು ವರ್ಷವೂ ಮಾಸ್ಟರ್ ಶೆಡ್ಡಿಗೆ. ಹಿಂದಿನ ಕೋಣೆ ಖಾಲಿ. ಕರಾರು ಮುರಿದದ್ದಕ್ಕೆ ಕೋರ್ಟಿಗೆ ಹೋಗಬಹುದು, ನಕ್ಷೆ ನನ್ನದೇ ಅಂತ ತೋರಿಸುವುದಕ್ಕೆ ನನ್ನ ಹತ್ತಿರ ಇರುವುದು ಮೂವತ್ತೆರಡು.

ಅವಳು ಸ್ಟೌ ಸಣ್ಣ ಮಾಡಿದಳು. ಟೇಪನ್ನು ಕೊರಳಿಂದ ತೆಗೆದು, ಸುತ್ತಿ, ಡಬ್ಬಿಗಳ ಸಾಲಿನಲ್ಲಿಟ್ಟಳು.

"ನನ್ನ ಕೇಳ್ಬೇಡಿ ಅಕ್ಕ. ನಾನು ಬೇಡ ಅಂದ್ರೆ ನಿಮ್ಮ ಅನ್ನ ಹೋಗುತ್ತೆ, ಹೂಂ ಅಂದ್ರೆ ನಂದು."

ಅಷ್ಟರಲ್ಲಿ ಗೊತ್ತಪ್ಪ ನೀರು ಕುಡಿಯಲು ಬಂದವನು, ಸಿಕ್ತಲ್ಲ ಅತ್ತಿಗೆ, ಮಾಸ್ಟರ್ ಒಂಥರಾ ನಿಮ್ಮ ಬ್ಯಾಕಪ್ ಅಂದ. ನಕ್ಕ. ಇವರು, ಇಪ್ಪತ್ತಾರು ವರ್ಷದಲ್ಲಿ ತಮ್ಮನಿಗೆ ಗದರಿದವರಲ್ಲ, ಪೇಪರು ಮಡಿಸಿ ಎದ್ದು ಬಂದು, "ಮೇಲಕ್ಕೆ ಹೋಗು" ಅಂದರು. ಎರಡೇ ಪದ. ಹೋದ.

ಮಧ್ಯಾಹ್ನ

ಮಾಸ್ಟರ್‌ಗೆ ಫೋನ್ ಮಾಡಿದೆ. ಹೂಂ ಅಂದೆ. ಹೂಂ ಅಂದ ಮೇಲೂ ಚೌಕಾಸಿ ಮಾಡಿದೆ — ಕೋಟಿಗೆ ಇಷ್ಟು ಕಮಿಷನ್ ಅಂತ. ಒಪ್ಪಿದರು. ಅಷ್ಟು ಬೇಗ ಒಪ್ಪಿದರೆಂದರೆ ಇನ್ನೂ ಕೇಳಬಹುದಿತ್ತು ಅಂತಲೇ ಮೊದಲು ಹೊಳೆದದ್ದು. ಥೂ, ನನ್ನ ಬುದ್ಧಿಗಿಷ್ಟು.

ಮಾರ್ಚ್ 20

ಸ್ಯಾಂಪಲ್ ಒಪ್ಪಿದರು. ಹದಿನಾಲ್ಕೂ. ಕಾಲರ್ ಬಹಳ ಚೆನ್ನಾಗಿದೆ ಅಂದರು. ಮಾಸ್ಟರ್ ಪಕ್ಕದಲ್ಲೇ ನಿಂತು ತಲೆಯಾಡಿಸಿದರು.

ಮಾರ್ಚ್ 23, ಬೆಳಿಗ್ಗೆ

ಯಾರಿಗೆ ಏನು ದಕ್ಕಿತು.

ಅಂಗಡಿಗೆ: ಪೆಟ್ಟಿಗೆಯ ಪೂರ್ತಿ ಬೆಲೆ. ರಿಪೇರಿಯವನಿಗೆ: ಎರಡು ಫೀಸು.
ಮಾಸ್ಟರ್‌ಗೆ: ಎರಡು ವರ್ಷದ್ದು ಮಾಫಿ, ಮೂರು ವರ್ಷದ ಹೊಲಿಗೆ.
ಗೊತ್ತಪ್ಪನಿಗೆ: ಪೆಟ್ಟಿಗೆ. ನನ್ನ ಅರ್ಧವನ್ನೂ ಬಿಟ್ಟುಕೊಟ್ಟೆ.
ಇವರಿಗೆ: ಮಾತಾಡದ ಒಬ್ಬ ತಮ್ಮ.
ನನಗೆ: ಕಾಂಟ್ರಾಕ್ಟು, ಕಮಿಷನ್ನು, ನನ್ನವೇ ನಕ್ಷೆಗಳ ಒಂದು ಪ್ರತಿ.
ಓರಗಿತ್ತಿಗೆ: ಇವತ್ತಿನಿಂದ ಮಾಸ್ಟರ್ ಶೆಡ್ಡಿನಲ್ಲಿ ಮಿಷನ್ ಕೆಲಸ, ದಿನಗೂಲಿ. ಎಂಟಕ್ಕೆ ಹೊರಟಳು. ಹೋಗಿ ಬರ್ತೀನಿ ಅನ್ನಲಿಲ್ಲ.