ಮಡಚಬಾರದ ಬಾಣಂತಿಸೊಪ್ಪು

ದೋಲ್ಮೋಕ್ ದ್ವೀಪ, ಜಿಂಡೊ ಕಡಲು
ಜುಲೈ ೧೦

ಮುದ್ದಿನ ಮಗಳು ಮಿರಾನ್‌ಗೆ,

ಬೂಸಾನಿನ ಸೆಕೆಯಲ್ಲಿ ತುಂಬಿದ ಬಸುರಿ, ಹೇಗಿದ್ದೀಯೆ? ಕಾಲಿನ ಬಾವು ಇಳಿಯಿತೇ? ಅಳಿಯ ಅಡುಗೆಮನೆಗೆ ಕಾಲಿಡುತ್ತಾನೋ, ಇಲ್ಲ ಫೋನ್ ಹಿಡಿದು ಕೂರುತ್ತಾನೋ?

ಇಲ್ಲಿಯದನ್ನು ನೇರವಾಗಿ ಹೇಳುತ್ತೇನೆ. ಕ್ರೀಮು ಮಾಡುವ ಕಂಪನಿ ಹೋದ ವರ್ಷ ಮಾತು ಕೊಟ್ಟಿತ್ತು: ಬಂಡೆ ನಿಮ್ಮದೇ, ಅದರ ಮೇಲಿನ ಕಡಲಸೊಪ್ಪನ್ನಷ್ಟೇ ಮಾರಿ. ಉಪ್ಪುನೀರಿಗೆ ಒಡೆದ ನಿಮ್ಮ ಕೈಗಳಿಗೆ ಡಾಕ್ಟರು ಬರುತ್ತಾರೆ. ಮೊದಲ ಕೊಯ್ಲು ಊರಿನ ಬಾಣಂತಿಯರಿಗೆ. ಡಾಕ್ಟರು ಬರಲಿಲ್ಲ. ಮೊದಲ ಕೊಯ್ಲು ಕಂಪನಿಗೆಂದು ಲಾಂಚು ಹತ್ತಿತು. ಈಗ ಬಂಡೆಯನ್ನೇ ಬರೆದುಕೊಡಿ ಅನ್ನುತ್ತಿದ್ದಾರೆ. ಸೊಪ್ಪು ಚೆನ್ನಾಗಿ ಹಿಡಿಯಲೆಂದು ಚಳಿಗಾಲದಲ್ಲಿ ಮಂಡಿಯೂರಿ ಆ ಬಂಡೆಯನ್ನು ಕೆರೆದು ಶುಚಿ ಮಾಡಿದವರು ನಾವು. ಕೆರೆದವರಿಗೆ ಪಾಲು, ಅದೇ ಇಲ್ಲಿಯ ನ್ಯಾಯ.

ನೀನು ಕಳಿಸಿದ ಅವರ ಡಬ್ಬಿಯ ಮೇಲೆ ನಮ್ಮ ಸೊಪ್ಪು, ಯಾರೋ ನಟಿಯ ನುಣುಪು ಕೆನ್ನೆ. ಈ ಸೊಪ್ಪಿನ ಸಾರು ಕುಡಿದ ಬಾಣಂತಿಯ ಮುಖ ತಿಳಿಯಾಗುತ್ತದೆಂದು ನನ್ನತ್ತೆಯೂ ಹೇಳುತ್ತಿದ್ದರು. ನಿನ್ನನ್ನು ಹೆತ್ತಾಗ ನನ್ನ ಬಿರಿದ ಚರ್ಮ ಮೆತ್ತಗಾದದ್ದು ನಿಜ. ಅದು ಸಾರಿನಿಂದಲೋ, ಕಡಲಿಗಿಳಿಯದೆ ಮನೆಯೊಳಗೆ ಮಲಗಿದ ಮೂರು ವಾರದಿಂದಲೋ, ಯಾರು ಬಲ್ಲರು? ಕೆನ್ನೆಗಷ್ಟೇ ಚರ್ಮವೇ, ಕೊಯ್ಯುವ ಕೈಗಿಲ್ಲವೇ?

ಆದರೂ ಊರಿನ ಅರ್ಧ ಹೆಂಗಸರು ಒಪ್ಪಂದಕ್ಕೆ ಸಹಿಯ ಬದಲು ತಮ್ಮ ಹೆಸರಿನ ಮುದ್ರೆ ಒತ್ತಲು ತಯಾರಾಗಿದ್ದರು. ನಿನ್ನೆ ಎಲ್ಲರೂ ಸೇರಿದ್ದಾಗ ಕಂಪನಿಯ ಮ್ಯಾನೇಜರು ನಿನ್ನ ಹೆರಿಗೆಗೆಂದು ಬಾಣಂತಿಸೊಪ್ಪು, ಅದೇ ಸಾರಿಗೆ ಹಾಕುವ ಒಣ ಕಡಲಸೊಪ್ಪು, ತಂದ. ಚಂದದ ಪೆಟ್ಟಿಗೆ, ಅದರಲ್ಲಿ ಹಿಡಿಸಲೆಂದು ಸೊಪ್ಪನ್ನು ನಡುವೆ ಮಡಚಿದ್ದ! ಸಾಲದ್ದಕ್ಕೆ, "ನಿಮಗಾದ್ರೆ ಅರ್ಧ ಬೆಲೆ, ಅಮ್ಮಾವ್ರೇ" ಅಂದ. ಮಡಚಿದರೆ ಹೆರಿಗೆ ಕಷ್ಟ, ಬೆಲೆ ಇಳಿಸಿದರೆ ಮಗುವಿನ ಆಯಸ್ಸು ಇಳಿದಂತೆ; ಇದು ನಮ್ಮ ಮಕ್ಕಳಿಗೂ ಗೊತ್ತು. ಕಪ್ಸೂನ್ ಅಜ್ಜಿ ಎದ್ದೇಬಿಟ್ಟಳು: "ಏನೋ ಮಾರಾಯ, ನಿಮ್ಮಮ್ಮ ನಿನ್ನ ಹೆರೋವಾಗ ಯಾರೋ ಚೌಕಾಸಿ ಮಾಡಿರ್ಬೇಕು. ಅದಕ್ಕೇ ನಿಂಗೆ ಬುದ್ಧಿ ಅರ್ಧಕ್ಕೇ ನಿಂತಿದೆ!"

ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೇ ಮುದ್ರೆಗಳನ್ನು ಜೇಬಿಗೆ ಸೇರಿಸಿದರು. ನಮ್ಮ ಬಸುರು ಬಾಣಂತನ ಅರಿಯದವನ ಕೈಗೆ ನಮ್ಮ ಬಂಡೆಯೇ?

ನಿನಗೆ ಸೊಪ್ಪನ್ನು ಉದ್ದಕ್ಕೇ ಹುಲ್ಲುಹಗ್ಗದಲ್ಲಿ ಕಟ್ಟಿ ಲಾಂಚಿನಲ್ಲಿ ಕಳಿಸಿದ್ದೇನೆ. ಸಲೀಸಾಗಿ ಹೆತ್ತು, ಹೊಟ್ಟೆ ತುಂಬ ಉಂಡು ಮಲಗು, ತಾಯಿ.

ನಿನ್ನ ಅಮ್ಮ,
ಒಕ್ಸಿಮ್

ಲಾಂಚು ಹೊರಡುತ್ತಿದೆ, ಅವಸರದಲ್ಲಿ ಇದೊಂದು: ಬಂಡೆ ಕೆರೆಯುವವಳು ನಾನಾದರೂ, ಅಪ್ಪ ತೀರಿದ ಮೇಲೆ ನಮ್ಮ ಪಾಲಿನ ಕಾಗದ ನಿನ್ನ ಹೆಸರಿನಲ್ಲಿದೆ. ಮ್ಯಾನೇಜರು ಈಗ ನಿನ್ನ ಮನೆಗೇ ಹೊರಟಿದ್ದಾನೆ. ಬಂಡೆ ಎಲ್ಲರದೂ ಜಂಟಿ, ಒಬ್ಬಳು ಮುದ್ರೆ ಒತ್ತಿದರೂ ಅವರಿಗೆ ಬಂಡೆಯ ಮೇಲೆ ಕಾಲಿಡಲು ದಾರಿಯಾಯಿತು. ಒತ್ತಬೇಡ. ಫೋನಿನಲ್ಲಾದರೂ ನಮ್ಮ ಜೊತೆ ಕೂರು. ಕಂಪನಿಗೆ ಏನು ಹೇಳುವುದೆಂದು ತೀರ್ಮಾನಿಸುವ ಸಭೆ ಸೊಪ್ಪು ಒಣಗಿಸುವ ಅಂಗಳದಲ್ಲಿ, ಭಾನುವಾರ, ಬೆಳಿಗ್ಗೆ ಒಂಬತ್ತಕ್ಕೆ.