ನೀವು ಮುಚ್ಚಿದ ಪುಟದಲ್ಲಿ ಧರ್ಣಪ್ಪನ ಹೆಸರು

ಜಾಲತಾಣಗಳನ್ನು ಮುಚ್ಚಿಸುವ ಅಧಿಕಾರವುಳ್ಳ ಮಾನ್ಯರೇ,

ನೀವು ಮುಚ್ಚಿಸಿದ ಒಂದು ತಾಣದಲ್ಲಿ ನಮ್ಮ ನೆರೆಮನೆಯ ಧರ್ಣಪ್ಪನ ಹೆಸರು ಬಂದಿದೆಯೋ ಇಲ್ಲವೋ ಎಂಬುದು ನಮಗೆ ತಿಳಿಯುತ್ತಿಲ್ಲ. ತಕರಾರು ಇಷ್ಟೇ. ದೇಶದ ಭದ್ರತೆಯ ಪಕ್ಕದಲ್ಲಿಟ್ಟರೆ ಇದು ಸಣ್ಣದಾಗಿ ಕಾಣುತ್ತದೆ ಎಂದು ಬಲ್ಲೆ. ಅದರ ಪಕ್ಕದಲ್ಲಿ ಏನನ್ನಿಟ್ಟರೂ ಸಣ್ಣದಾಗಿಯೇ ಕಾಣುತ್ತದೆ.

ಧರ್ಣಪ್ಪ ಗಲ್ಫಿನಲ್ಲಿ ವೆಲ್ಡರ್. ಅವನ ಕಂಪೆನಿ ಮುಚ್ಚಿ ಎಂಟು ತಿಂಗಳಾಯಿತು. ಪಾಸ್‌ಪೋರ್ಟ್ ಕಂಪೆನಿಯ ಕೈಯಲ್ಲಿ, ಅವನು ಕಾರ್ಮಿಕರ ಶಿಬಿರದಲ್ಲಿ. ಮೂರು ತಿಂಗಳಿಂದ ಫೋನೂ ಇಲ್ಲ. ಅಲ್ಲಿನ ಕಾರ್ಮಿಕರ ಸಂಘವೊಂದು, ಊರಿಗೆ ಮರಳಲು ಕಾಗದಪತ್ರ ಸಿಕ್ಕವರ ಪಟ್ಟಿಯನ್ನು ಪ್ರತಿ ಶುಕ್ರವಾರ ತನ್ನ ತಾಣದಲ್ಲಿ ಹಾಕುತ್ತದೆ. ವಾಮದಪದವಿನ ನಮ್ಮ ಆಸುಪಾಸಿನ ಹನ್ನೊಂದು ಮನೆಗಳಲ್ಲೂ ಆ ಪಟ್ಟಿಯನ್ನು ತೆರೆದು ನೋಡುತ್ತಿದ್ದರು. ಧರ್ಣಪ್ಪನ ಹೆಂಡತಿ ದಮಯಂತಿಯ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರ ಕಣ್ಣಿಗಾದರೂ ಬೀಳಲಿ ಎಂದು. ಮಕ್ಕಳ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನೂ ನಾವು ನೋಡುವುದು ಹೀಗೆಯೇ.

ಫೆಬ್ರವರಿಯಲ್ಲಿ ಪುಟ ತೆರೆಯುವುದು ನಿಂತಿತು. ಆ ತಾಣದ ಇನ್ನಾವುದೋ ಮೂಲೆಯಲ್ಲಿ ಯಾರೋ ನಿಮಗೆ ಹಿಡಿಸದ ಮಾತು ಬರೆದಿರಬಹುದು. ಕಾರಣ ಕೇಳಿ ಅರ್ಜಿ ಹಾಕಿದೆ. ಆದೇಶ ಗೋಪ್ಯ ಎಂದು ಉತ್ತರ ಬಂತು. ನಾವು ಏನು ಓದುತ್ತೇವೆ ಎಂಬುದು ನಿಮ್ಮಿಂದ ಗೋಪ್ಯವಲ್ಲ, ಏಕೆ ಓದಬಾರದು ಎಂಬುದು ಮಾತ್ರ ನಮ್ಮಿಂದ ಗೋಪ್ಯ. ಗೋಪ್ಯತೆಯ ಹಕ್ಕು ಯಾರದೆಂದು ನಾನು ಇಷ್ಟು ದಿನ ತಪ್ಪಾಗಿ ತಿಳಿದಿದ್ದೆನೇ?

ಡಿಎನ್‌ಎಸ್ ಎಂಬುದರ ಬಗ್ಗೆ ಓದಿದ್ದು ಆಗ. ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ, ಚಾರ್ಮಾಡಿಗೆ ಬಸ್ಸು ಯಾವುದೆಂದು ವಿಚಾರಣೆಯ ಕಿಟಕಿಯಲ್ಲಿ ಕೇಳುತ್ತೀರಿ ಎನ್ನಿ. ಅಂಥ ಊರೇ ಇಲ್ಲ ಎನ್ನುತ್ತಾನೆ ಒಳಗಿನವನು. ಊರು ಘಾಟಿಯ ಬುಡದಲ್ಲಿ ಇದ್ದಂತೆಯೇ ಇದೆ; ಪಕ್ಕದ ಬೀಡಾ ಅಂಗಡಿಯಲ್ಲಿ ಕೇಳಿದರೆ ಬಸ್ಸು ತೋರಿಸುತ್ತಾರೆ. ತಾಣದ ಹೆಸರು ಕೇಳಿ ಅದರ ವಿಳಾಸ ಹೇಳುವ ಸರ್ವರ್ ಕೂಡ ಇಂಥದೇ ಒಂದು ಕಿಟಕಿ. ನಮ್ಮ ಇಂಟರ್ನೆಟ್ ಕಂಪೆನಿಯ ಸರ್ವರ್ ಇಲ್ಲವೆಂದದ್ದನ್ನು ಬೇರೆ ದೇಶದ ಒಂದು ಸರ್ವರ್ ಇದೆ ಎಂದಿತು. ಬದಲಿಸಬೇಕಾದದ್ದು ಯಾವ ಸರ್ವರನ್ನು ಕೇಳಬೇಕೆಂಬ ಒಂದು ಸಂಖ್ಯೆ. ಹನ್ನೊಂದು ಮನೆಗಳ ರೂಟರಿನಲ್ಲೂ ಬದಲಿಸಿದೆ. ಯಾರು ಎಲ್ಲಿಗೆ ಹೊರಟರೆಂದು ಬೀಡಾ ಅಂಗಡಿಯವನೂ ಬರೆದಿಟ್ಟುಕೊಳ್ಳುತ್ತಾನೋ ಏನೋ. ಯಾರ ಹತ್ತಿರ ಕೇಳಬೇಕು ಎಂಬುದಷ್ಟೇ ನಮ್ಮ ಸ್ವಾತಂತ್ರ್ಯ. ಅಷ್ಟಾದರೂ ಇರಲಿ ಎನಿಸಿತ್ತು.

ಆದರೆ ನಮ್ಮಲ್ಲೊಂದು ರೂಢಿಯಿದೆ. ಮನೆಯ ಮಾತು ತುಳು, ಕಚೇರಿಯದು ಕನ್ನಡ. ಹಾಗಾಗಿ ಬರೆಯಬಲ್ಲ ಒಬ್ಬನ ತಲೆಗೆ ಎಲ್ಲರ ಅರ್ಜಿಯೂ ಬರುತ್ತದೆ. ಇಂಟರ್ನೆಟ್ ಬಂದಾಗ ಹನ್ನೊಂದು ಅರ್ಜಿಗಳಿಗೂ ನನ್ನದೇ ಹೆಸರು, ನನ್ನದೇ ಆಧಾರ್ ಕೊಟ್ಟು ಸಹಿ ಹಾಕಿದ್ದೆ. ಅದು ಯಾರಿಗೂ ವಿಚಿತ್ರವೆನಿಸಲಿಲ್ಲ, ಕೇಬಲ್ ಎಳೆದ ಮೂಸಾನಿಗೂ. ಕಳೆದ ತಿಂಗಳು ಮೂಸಾ ಬಂದು, ಹೆಲ್ಮೆಟ್ ತೆಗೆಯದೆ ಅಂಗಳದಲ್ಲೇ ನಿಂತ.

"ಮಾಷ್ಟ್ರೇ, ನಿಮ್ಮ ಹೆಸರಲ್ಲಿ ಹನ್ನೊಂದು ಕನೆಕ್ಷನ್ ಉಂಟಲ್ಲ, ಶುಕ್ರವಾರ ಎಲ್ಲದರಿಂದಲೂ ಒಂದೇ ಕಡೆಗೆ ಹೋಗ್ತದಂತೆ. ಯಾರು ಈ ಜನ ಅಂತ ಮೇಲಿನಿಂದ ಕೇಳಿದ್ದಾರೆ."

"ಅದು ಹನ್ನೊಂದು ಮನೆ ಮಾರಾಯ. ನಿನಗೆ ಗೊತ್ತಿಲ್ವಾ?"

"ನನಗೆ ಗೊತ್ತುಂಟು, ಕಾಗದಕ್ಕೆ ಗೊತ್ತುಂಟಾ? ಕಾಗದದಲ್ಲಿ ನೀವೊಬ್ಬರೇ ಹನ್ನೊಂದು ಕಡೆ ಕೂತು ನೋಡುವುದು."

"ಹಾಗಾದ್ರೆ ಆ ನಂಬ್ರ ತೆಗೀಬೇಕಾ?"

"ತೆಗೀರಿ ಅಂತ ನಾನು ಹೇಳ್ಲಿಲ್ಲ ಮಾಷ್ಟ್ರೇ. ಕೇಳಿದ್ದಾರೆ ಅಂತ ಹೇಳಿದ್ದು."

ಗಮನಿಸಿ ಮಾನ್ಯರೇ, ಬಂದದ್ದು ಒಂದು ಪ್ರಶ್ನೆ ಮಾತ್ರ. ನೋಟೀಸಿಲ್ಲ, ಪೊಲೀಸರಿಲ್ಲ. ಭಾನುವಾರ ಬೆಳಗ್ಗೆ ನಾನಾಗಿಯೇ ಮನೆಮನೆಗೆ ಹೋಗಿ ಆ ಸಂಖ್ಯೆಯನ್ನು ಅಳಿಸಿದೆ. ಕೊನೆಯದು ದಮಯಂತಿಯ ಮನೆ.

"ಸ್ಪೀಡ್ ಇಲ್ಲ ಅಂತ ಹೇಳಿದ್ದೆನಲ್ಲ, ಸರಿ ಮಾಡ್ಲಿಕ್ಕೆ ಬಂದದ್ದಾ ಅಣ್ಣ?" ಎಂದು ಕುರ್ಚಿ ಎಳೆದು, ಚಹಾಕ್ಕೆ ನೀರಿಟ್ಟಳು. ಹೌದು ಎಂದೆ.

ಶುಕ್ರವಾರ ಬೇಲಿಯಾಚೆಯಿಂದ ಕೇಳಿದಳು: "ಪುಟವೇ ಬರುವುದಿಲ್ಲ ಅಣ್ಣ. ಈ ವಾರ ಪಟ್ಟಿ ಹಾಕ್ಲಿಲ್ವಾ ಅವರು?"

ಹಾಕಲಿಲ್ಲ ಎಂದೆ. ಮರುವಾರವೂ ಅದನ್ನೇ ಹೇಳಿದೆ. "ಅವರಿಗೂ ಸಾಕಾಗಿರ್ತದೆ, ಪಾಪ" ಎಂದು ಸಂಘದವರ ಪರವಾಗಿ ಅವಳೇ ಮಾತಾಡಿದಳು.

ತಡೆ ಎಂಬುದು ದೆಹಲಿಯ ಯಾವುದೋ ಕೋಣೆಯಲ್ಲಿ ನಡೆಯುವ ಕೆಲಸವೆಂದು ತಿಳಿದಿದ್ದೆ. ನಾನೊಬ್ಬನೇ ಎಲ್ಲಾದರೂ ಕುಳಿತು ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನು ಪಾಠ ಮಾಡುವ ಕಾಲೇಜಿನ ಕಂಪ್ಯೂಟರಿನಲ್ಲಿ ಒಮ್ಮೆ ಆ ತಾಣದ ಹೆಸರನ್ನು ಅರ್ಧ ಬರೆದೆ. ಹಿಂದೆ ಯಾರೂ ಇರಲಿಲ್ಲ. ಆದರೂ ತಿರುಗಿ ನೋಡಿದೆ, ಬರೆದಷ್ಟನ್ನೂ ಅಳಿಸಿದೆ. ಧೈರ್ಯವಂತರ ಪತ್ರ ಹೀಗಿರುವುದಿಲ್ಲ ಎಂದು ಗೊತ್ತು.

ತಾಣವನ್ನು ತೆರೆಯಿರಿ ಎಂದು ಕೇಳುವುದಿಲ್ಲ. ಕಾರಣವನ್ನೂ ಕೇಳುವುದಿಲ್ಲ, ಗೋಪ್ಯವಾಗಿಯೇ ಇರಲಿ. ನಮಗೆ ಮುಚ್ಚಿದ್ದು ನಿಮಗೆ ಕಾಣುತ್ತಿರಬೇಕು. ದಯವಿಟ್ಟು ನೀವೇ ಆ ಪುಟ ತೆರೆದು, ಏಪ್ರಿಲ್‌ನಿಂದ ಈಚಿನ ಪಟ್ಟಿಗಳಲ್ಲಿ ಧರ್ಣಪ್ಪನ ಹೆಸರಿದೆಯೇ ಎಂದು ಒಮ್ಮೆ ಓದಿ. ಇದ್ದರೆ ಇದೆ ಎನ್ನಿ, ಇಲ್ಲದಿದ್ದರೆ ಇಲ್ಲ ಎನ್ನಿ. ಒಂದು ಕಾರ್ಡು ಸಾಕು. ಆದರೆ ಅದನ್ನು ನನ್ನ ಹೆಸರಿಗೆ ಕಳಿಸಬೇಡಿ, ದಮಯಂತಿಯ ಹೆಸರಿಗೇ ಕಳಿಸಿ. ಈ ಪತ್ರ ಪತ್ರಿಕೆಯಲ್ಲಿ ಅಚ್ಚಾದ ದಿನದಿಂದ ನನ್ನ ಮಾತನ್ನು ಅವಳು ನಂಬಬೇಕಾದ ಕಾರಣವಿಲ್ಲ.

ಇಂತಿ,
ಯಾರೂ ಹೇಳದೆಯೇ ನಿಮ್ಮ ಆದೇಶವನ್ನು ಪಾಲಿಸಿದ
ಲೋಕನಾಥ
ವಾಮದಪದವು, ಬಂಟ್ವಾಳ ತಾಲೂಕು